ಸೈಮಾಳ ತೋರುಬೆರಳು

ಗ್ಯಾರೇಜಿನ ಕಿಟಕಿಯ ಬಿಸಿಲು ಸೀಸದ ಗುಂಡಿನ ಹಳದಿ ಗಾಳದ ಮೇಲೆ ಬಂದು ಕೂತಿದೆ, ಈ ಬಣ್ಣ ಕಂಡರೆ ಸಾಕು, ವಾಲೈ ಮೀನುಗಳು ಕೆನಡಾದಿಂದ ಪಾಸ್‌ಪೋರ್ಟಿಲ್ಲದೆ ಈಜಿ ಬರುತ್ತವೆ, ಬಂದಿವೆ ಕೂಡ, ಒಂದು ಸಲ ದೋಣಿಯಲ್ಲಿ ನನಗೇ ಜಾಗವಿಲ್ಲದೆ ನೀರಿಗಿಳಿದು ತಳ್ಳಿಕೊಂಡು ಬಂದೆ, ಸೈಮಾ ಒಪ್ಪುವುದಿಲ್ಲ, ಹನ್ನೊಂದು ಮೀನು ರೈನೋ, ಹನ್ನೊಂದೇ, ಅದ್ರಲ್ಲಿ ಆರು ನಂದು — ಹೆಂಡತಿಯರಿಗೆ ಎಣಿಕೆ ಕಲಿಸಬಾರದು. ನಾಳೆ ಈ ವರ್ಷ ವಾಲೈ ಹಿಡಿಯಲು ಬಿಡುವ ಮೊದಲ ದಿನ, ಸರೋವರದ ಐಸು ಕರಗಿ ಎರಡೇ ವಾರ, ಮೊಟ್ಟೆಯಿಟ್ಟು ದಣಿದ ಮೀನು ತೊರೆ ಬಂದು ಸೇರುವಲ್ಲಿ, ಜಲ್ಲಿಯ ಮೇಲೆ, ಒಂದಾಳುದ್ದ ನೀರಿನಲ್ಲಿ ಬಿದ್ದುಕೊಂಡಿರುತ್ತದೆ, ಓಡಿ ಬಂದು ಕಚ್ಚುವುದಿಲ್ಲ, ಎರೆಯನ್ನು ಬಾಯಲ್ಲಿಟ್ಟುಕೊಂಡು ಯೋಚಿಸುತ್ತದೆ, ಆ ಯೋಚನೆ ನೂಲು ಹತ್ತಿ ಬರುವುದನ್ನು ಹಿಡಿಯಲು ಇಡೀ ಮಿನೆಸೋಟದಲ್ಲಿ ಒಂದೇ ಬೆರಳಿತ್ತು, ನನ್ನದಲ್ಲ, ಇದೊಂದನ್ನು ಮಾತ್ರ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ, ಸೈಮಾಳ ಬಲಗೈ ತೋರುಬೆರಳು, ನೂಲನ್ನು ಅದರ ಮೇಲೆ ಹಾಯಿಸಿ ಕಣ್ಣು ಮುಚ್ಚಿ ಕೂರುತ್ತಿದ್ದಳು, ಬೆರಳು ತಾನಾಗಿ ಮಡಚಿಕೊಳ್ಳುತ್ತಿತ್ತು, ಹಾಂ ಬಂತು, ಅನ್ನುತ್ತಿದ್ದಳು, ಮೀನಿಗೇ ಇನ್ನೂ ಗೊತ್ತಿರುತ್ತಿರಲಿಲ್ಲ. ಜನವರಿಯಲ್ಲಿ ಅವಳಿಗೆ ಲಕ್ವ ಹೊಡೆಯಿತು — ಕಾಫಿ ಬಟ್ಟಲು ಜಾರಿ, ಏಲಕ್ಕಿ ಬ್ರೆಡ್ಡು ನೆನೆದು, ಅವಳು ನೆಲ ನೋಡುತ್ತ, ನನ್ನ ಕೈ ಎಲ್ಲೋಯ್ತು ರೈನೋ, ಕೈ ಮಡಿಲಲ್ಲೇ ಇತ್ತು. ಈಗ ಬಟ್ಟಲು ಎತ್ತುತ್ತಾಳೆ, ಗುಂಡಿ ಹಾಕಿಕೊಳ್ಳುತ್ತಾಳೆ, ಬೆರಳ ತುದಿಗೆ ಮಾತ್ರ ಏನೂ ತಿಳಿಯುವುದಿಲ್ಲ, ನಾಳೆ ನಾನು ಬರಲ್ಲ, ನೀನೇ ಹೋಗು, ಅಂದುಬಿಟ್ಟಳು, ಸತ್ತ ಬೆರಳು ಇಟ್ಕೊಂಡು ದೋಣೀಲಿ ಲಂಗರಿನ ಥರ ಕೂರಲಾ. ನಲವತ್ತೊಂದು ಮೇ ತಿಂಗಳು, ಅವಳಿಲ್ಲದ ಒಂದೂ ಮೊದಲ ದಿನವಿಲ್ಲ, ಅದಕ್ಕೇ ಈ ತಂತ್ರ, ಸೇನಾಪತಿಗಳು ಬಂದು ಕಲಿತುಕೊಂಡು ಹೋಗಬೇಕು, ಎರಡು ಕೋಲಿನ ನೂಲಿಗೂ ತೇಲುವ ಕೆಂಪು ಬೆಂಡು ಕಟ್ಟುತ್ತಿದ್ದೇನೆ, ಕೆಳಗೆ ಎರೆಯಾಗಿ ಜೀವಂತ ಜಿಗಣೆ, ಬೆಂಡು ಮುಳುಗಿದ್ದು ಕಣ್ಣಿಗೇ ಕಾಣುತ್ತದೆ, ಬೆರಳೇ ಬೇಡ, ನನಗೆ ಬೆನ್ನುನೋವು ಅದಕ್ಕೇ ಬೆಂಡು ಅಂದರಾಯಿತು, ಸುಳ್ಳಿನಲ್ಲಿ ನನ್ನನ್ನು ಮೀರಿಸುವವನು — ಬಾಗಿಲು ಕಿರ್ರೆಂದಿತು, ಅವಳೇ, ಅಯ್ಯೋ ಮುದುಕ, ಮಕ್ಕಳು ಕಟ್ಟೋ ಬೆಂಡಾ, ಇದೇನು ದೋಣೀನೋ ತೊಟ್ಟಿಲೋ, ಬೆನ್ನುನೋವು ಸೈಮಾ, ಬೆನ್ನಂತೆ ಬೆನ್ನು, ನಿನ್ನೆ ಒಬ್ಬನೇ ದೋಣಿ ಎತ್ತಿದೆ ಅಂತ ಎರೆ ಅಂಗಡೀಲಿ ಕೊಚ್ಕೊಂಡ್ಯಲ್ಲ ಅದೇ ಬೆನ್ನಾ, ಬಿಚ್ಚು ಅದನ್ನ. ಬಿಚ್ಚಿದೆ. ಸ್ಟೂಲಿನ ಮೇಲೆ ಕೂತಳು, ಎಡಗೈಯಿಂದ ನೂಲೆತ್ತಿ ಬಲಗೈ ಬೆರಳ ಮೇಲೆ ತಾನೇ ಇಟ್ಟುಕೊಂಡಳು, ಆ ತುದಿ ಹಿಡ್ಕೊಂಡು ಗೋಡೆ ಹತ್ರ ಹೋಗು, ವಾಲೈ ಆಗು, ನಂಗೆ ತಿಳಿದ್ರೆ ನಾಳೆ ಬರ್ತೀನಿ, ಪಾಪ ಅಂತ ಜೋರಾಗಿ ಎಳೆದ್ಯೋ ನಿನ್ನ ಮಾತೇ ಆಡಿಸಲ್ಲ — ಕಣ್ಣು ಮುಚ್ಚಿದಳು. ಜಗತ್ತಿನ ಅತಿ ದೊಡ್ಡ ವಾಲೈ ಆಗಬಲ್ಲವನು ನಾನು, ಪುಟ್ಟ ಮರಿಮೀನಾದೆ, ಎಳೆದೆ, ಇಲ್ಲ ಅಂದಳು, ಇನ್ನೊಮ್ಮೆ, ಇಲ್ಲ, ಸ್ವಲ್ಪ ಜೋರಾಗಿ ಎಳೆಯಲೇ, ಗೊತ್ತಾಗಿಬಿಡುತ್ತದೆ ಅವಳಿಗೆ, ಬೇಡ, ಸುಮ್ಮನೆ ಹಿಡಿದು ನಿಲ್ಲುತ್ತೇನೆ, ಉಸಿರು ಬಿಟ್ಟಷ್ಟು ಭಾರ ಮಾತ್ರ, ನೂಲು ಅಲುಗಿತೋ ಇಲ್ಲವೋ, ಅವಳ ತುಟಿ ಅಲುಗಿಲ್ಲ, ಬೆರಳು, ಆ ಬೆರಳು, ನೂಲಿನ ಕೆಳಗೆ ಬಿಳುಪಾದ ಸಣ್ಣ ಗೆರೆ, ಆ ಬೆರಳು — ಮೆಲ್ಲಗೆ ಮಡಚಿಕೊಳ್ಳುತ್ತಿದೆ