ಕಸಿಲ್ಡಾಳ ಲೋಟದ ನೀರು

ನನ್ನ ಹೆಂಡತಿ ಕಸಿಲ್ಡಾ ಬೋವಾ ವಿಸ್ತಾದ ನಿರಾಶ್ರಿತರ ಶಿಬಿರದಲ್ಲಿ ತೀರಿಕೊಂಡಳು. ವೆನೆಜುವೆಲಾದ ನಮ್ಮೂರಿನಲ್ಲಿ ಅವಳ ಸಕ್ಕರೆ ಕಾಯಿಲೆಗೆ ಔಷಧ ಸಿಗುವುದು ನಿಂತ ಮೇಲೆ, ಗಡಿ ದಾಟಿ ಬ್ರೆಜಿಲಿಗೆ ಬಂದಿದ್ದೆವು. ಇಲ್ಲಿಯ ಸರ್ಕಾರ ಔಷಧ ಕೊಟ್ಟಿತು, ಊಟ ಕೊಟ್ಟಿತು, ತಲೆಯ ಮೇಲೊಂದು ಸೂರು ಕೊಟ್ಟಿತು. ದೇವರು ಕೊಟ್ಟ ಆಯುಸ್ಸು ಮಾತ್ರ ಅಷ್ಟೇ ಇತ್ತು.

ನಮ್ಮಲ್ಲಿ ಸತ್ತವರಿಗಾಗಿ ಒಂಬತ್ತು ಸಂಜೆ ಜಪಮಾಲೆ ಹಿಡಿದು ಪ್ರಾರ್ಥಿಸುತ್ತೇವೆ. ಮೇಣದಬತ್ತಿಯ ಪಕ್ಕದಲ್ಲಿ ಒಂದು ಲೋಟ ನೀರಿಡುತ್ತೇವೆ; ಜೀವಕ್ಕೆ ಬಾಯಾರಬಾರದು. ಕೊನೆಯ ಸಂಜೆ ಬತ್ತಿ ಆರಿಸಿ, ಮನೆಯವರು ‘ಹೋಗು’ ಎಂದ ಮೇಲೆಯೇ ಜೀವ ಹೊರಡುವುದು. ಅದಕ್ಕೆ ಮುಂಚೆ ಮನೆಯವರೇ ಊರು ಬಿಟ್ಟರೆ ಜೀವ ಬಾಗಿಲಲ್ಲಿಯೇ ನಿಂತುಬಿಡುತ್ತದೆ ಎಂದು ನನ್ನ ತಾಯಿ ಹೇಳುತ್ತಿದ್ದಳು. ನಾನೂ ಹಾಗೆಯೇ ನಂಬಿದವನು.

ಆರನೆಯ ಸಂಜೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಮಗಳು ಯುರೈಮಾ ಬಂದು ಪಕ್ಕದಲ್ಲಿ ಕುಳಿತಳು.

"ಅಪ್ಪಾ, ನಮ್ಮ ಸರದಿ ಬಂತು. ದಕ್ಷಿಣದಲ್ಲಿ ಕೋಳಿ ಕಾರ್ಖಾನೇಲಿ ನಂಗೆ ಕೆಲಸ, ಇರೋಕೆ ಮನೆ. ನಾಳೆ ಬೆಳಿಗ್ಗೆನೇ ಸರ್ಕಾರದ ವಿಮಾನ."

"ಇನ್ನೂ ಮೂರು ಸಂಜೆ ಇದೆಯಲ್ಲಮ್ಮಾ."

"ಕೇಳಿ ನೋಡ್ದೆ. ಈಗ ಬಿಟ್ರೆ ಮತ್ತೆ ಯಾವಾಗ್ಲೋ ಗೊತ್ತಿಲ್ಲ ಅಂದ್ರು. ನೀನು ಬರ್ದೆ ನಾನೂ ಹೋಗಲ್ಲ."

ಅವಳ ತೋಳಿನಲ್ಲಿ ಮಗು ಕೆಮ್ಮುತ್ತಿತ್ತು.

ಪ್ರಾರ್ಥನೆ ಹೇಳಿಸುತ್ತಿದ್ದ ನೆರೆಯ ಮುದುಕಿ ಯೂಫ್ರಾಸಿಯಾ ನಡುವೆ ಬಾಯಿ ಹಾಕಿದಳು. "ನೀನು ಹೋಗು, ಎಲೆಯುತೇರಿಯೋ. ಉಳಿದದ್ದು ನಾನು ನೋಡ್ಕೋತೀನಿ."

"ಮನೆಯವರಿಲ್ದೆ ಕಳಿಸಿಕೊಡೋದು ಹೇಗೆ?"

"ಯಾರ ಮನೆಗೆ ಹೋದ್ರೂ ಬಾಗಿಲಲ್ಲಿ ನಿಂತು ಒಂದು ಗಂಟೆ ಹರಟದೆ ಹೊರಟಿದ್ದುಂಟಾ ನಿನ್ನ ಹೆಂಡ್ತಿ? ಈಗ್ಲೂ ಅವಳಿಗೇನು ಅವಸರ ಇಲ್ಲ ಬಿಡು!"

ನನಗೂ ನಗು ಬಂತು. ನಗುನಗುತ್ತಲೇ ಇಬ್ಬರೂ ಕಣ್ಣೊರೆಸಿಕೊಂಡೆವು.

ಬೆಳಿಗ್ಗೆ ಆ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು ಸಾಲಿನಲ್ಲಿ ನಿಂತೆ. ವಿಮಾನದ ಮೆಟ್ಟಿಲ ಬಳಿ ಸೈನ್ಯದ ಹುಡುಗಿಯೊಬ್ಬಳು ತಡೆದಳು.

"ಇದನ್ನ ಒಳಗೆ ಬಿಡೋ ಹಾಗಿಲ್ಲ ತಾತ. ಚೆಲ್ಲಿಬಿಡಿ."

"ಇದು ನನ್ನ ಹೆಂಡ್ತಿ ನೀರು ಕಣಮ್ಮಾ."

ಯುರೈಮಾ ಇಲ್ಲಿಯವರ ಭಾಷೆಯಲ್ಲಿ ಹರುಕುಮುರುಕಾಗಿ ಅವಳಿಗೆ ವಿಷಯ ತಿಳಿಸಿದಳು. ಹುಡುಗಿ ತಲೆಯ ಟೋಪಿ ತೆಗೆದಳು.

"ನಿಯಮ ತಾತ, ನಾನೇನು ಮಾಡ್ಲಿ? ಬೇರೆಯೋರೆಲ್ಲ ಹತ್ಲಿ. ನೀವು ಕೊನೇಲಿ ಬನ್ನಿ."

ಅವಳಿಂದ ಆಗುವುದು ಅಷ್ಟೇ ಇತ್ತು, ಅದನ್ನು ಮಾಡಿದಳು.

ಸತ್ತವರ ನೀರನ್ನು ಅವಧಿಗೆ ಮುಂಚೆ ಚೆಲ್ಲಬಾರದು. ಬದುಕಿರುವವರು ಅದನ್ನು ಕುಡಿಯಲೂ ಬಾರದು. ಎಲ್ಲರೂ ಹತ್ತಿಯಾಯಿತು. ಯುರೈಮಾ ಮಾತ್ರ ಮಗುವನ್ನೆತ್ತಿಕೊಂಡು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು. ಒಳಗೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ.

"ಬಾ ಕಸಿಲ್ಡಾ, ನನ್ನೊಳಗೇ ಬಂದುಬಿಡು" ಎಂದು ಹೇಳಿ ಕುಡಿದುಬಿಟ್ಟೆ. ನೀರು ಬೆಚ್ಚಗಿತ್ತು. ದೇವರು ಕ್ಷಮಿಸಲಿ.

ದಕ್ಷಿಣದ ಊರಿನಲ್ಲಿ ಮೂಳೆ ಕೊರೆಯುವ ಚಳಿ. ಗಟ್ಟಿ ಗೋಡೆಯ ಮನೆ. ಮಗುವಿನ ಕೆಮ್ಮು ಇಳಿಯುತ್ತಿತ್ತು. ಒಂಬತ್ತನೆಯ ಸಂಜೆ ಬರಿದಾದ ಲೋಟದ ಮುಂದೆ ಕುಳಿತು ಪ್ರಾರ್ಥನೆ ಮುಗಿಸಿದೆ, ಬತ್ತಿ ಆರಿಸಿದೆ. ಆಮೇಲೆ ‘ಹೋಗು’ ಎನ್ನಬೇಕಿತ್ತು.

ಯುರೈಮಾ ಕಾದಳು. ಅವಳೂ ಆ ಮಾತು ಆಡಲಿಲ್ಲ, ನಾನೂ ಆಡಲಿಲ್ಲ.