ಕೊಕ್ಕೆ ಬಾಲದ ಬಾಣ

ಮಕ್ಕಳಿಲ್ಲದ ಗಂಡಸೊಬ್ಬ ಸ್ಕೌಟ್ ದಳಕ್ಕೆ ಸ್ವಯಂಸೇವಕನಾಗಿ ಬರುತ್ತೇನೆ ಎಂದರೆ ದಳದ ನಾಯಕಿಯಾದ ನಾನು ಮೊದಲು ಕೇಳುವುದು ಒಂದೇ: ಯಾಕೆ? ಮಗನೋ ಮಗಳೋ ದಳದಲ್ಲಿದ್ದರೆ ಸರಿ. ಇಲ್ಲದಿದ್ದರೆ, ವಾರವಿಡೀ ದುಡಿದವನು ಶನಿವಾರದ ನಿದ್ದೆ ಬಿಟ್ಟು ಮೂವತ್ತು ಮಕ್ಕಳ ಗಲಾಟೆಗೆ ಯಾಕೆ ತಲೆ ಕೊಡುತ್ತಾನೆ? ಈ ಪ್ರಶ್ನೆಯನ್ನು ನಮ್ಮ ದಳದ ಸಹಾಯಕಿ ನರ್ಸಮ್ಮನ ಮುಂದೆ ಇಟ್ಟೆ. ಆಕೆ ಆಸ್ಪತ್ರೆಯಿಂದ ನಿವೃತ್ತರಾದವರು, ಯಾವುದಕ್ಕೂ ಗಾಬರಿಯಾಗದವರು. ಕನ್ನಡಕ ಒರೆಸುತ್ತಾ, ನಿಮಗೂ ಮಕ್ಕಳಿಲ್ಲವಲ್ಲ, ಹದಿನಾಲ್ಕು ವರ್ಷದಿಂದ ಇಲ್ಲೇ ಇದ್ದೀರಲ್ಲ ಎಂದರು. ನನ್ನ ವಿಷಯ ಬೇರೆ ಎಂದೆ. ಎಲ್ಲರ ವಿಷಯವೂ ಬೇರೆಯೇ ಎಂದು ಅವರು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಬಂದವನು ಪೀಠೋಪಕರಣಗಳಿಗೆ ಪಾಲಿಶ್ ಹಾಕುವವನು. ನಲವತ್ತರ ಆಸುಪಾಸು, ಉಗುರಿನ ಅಂಚೆಲ್ಲ ಕಂದು, ಮೈಯೆಲ್ಲ ವಾರ್ನಿಶ್ ವಾಸನೆ. ಮಕ್ಕಳು ಎರಡೇ ವಾರದಲ್ಲಿ ಪಾಲಿಶ್ ಮಾಮ ಎಂದು ಕರೆಯತೊಡಗಿದವು. ಅರ್ಜಿಯಲ್ಲಿ ‘ಯಾಕೆ ಸೇರಬಯಸುತ್ತೀರಿ’ ಎಂಬ ಪ್ರಶ್ನೆಗೆ ಎಲ್ಲರೂ ಸೇವೆ, ಶಿಸ್ತು, ನಾಳಿನ ನಾಗರಿಕರು ಎಂದು ಅರ್ಧ ಪುಟ ಗೀಚುತ್ತಾರೆ. ಇವನು ‘ಶನಿವಾರ ಬಿಡುವಿರುತ್ತದೆ’ ಎಂದಷ್ಟೇ ಬರೆದಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಂಬಿ ಬದುಕಿದವಳು ನಾನು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ನನ್ನದು. ದಿನಕ್ಕೆ ನೂರಾರು ತಪ್ಪು ವಿಳಾಸ ನೋಡಿದವಳಿಗೆ ಸರಿಯಾದ ವಿಳಾಸವನ್ನೂ ಎರಡು ಸಲ ಓದುವ ಚಟ ಇರುತ್ತದೆ. ಅವನ ಬೀದಿಯ ಅಂಚೆಯವನನ್ನು ವಿಚಾರಿಸಿದೆ. ಒಬ್ಬನೇ ಇದ್ದಾನೆ, ಅಕ್ಕನಿಂದ ಆಗಾಗ ಕಾಗದ ಬರುತ್ತದೆ, ಮತ್ತೇನೂ ಇಲ್ಲ ಎಂದ. ಮತ್ತೇನೂ ಇಲ್ಲದಿರುವುದೇ ನನಗೆ ದೊಡ್ಡದಾಗಿ ಕಂಡಿತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಇರಲಿ, ನಾನು ಕಂಡದ್ದನ್ನು ಹೇಳುತ್ತೇನೆ. ಅವನು ಎಲ್ಲರಿಗಿಂತ ಮೊದಲು ಬರುತ್ತಿದ್ದ, ಆದರೆ ದಳ ಸೇರುವ ಸಭಾಂಗಣದ ಒಳಗೆ ಹೋಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಒಳಗಿದ್ದಾಗ ಬಾಗಿಲು ಹಾಕಲು ಬಿಡುತ್ತಿರಲಿಲ್ಲ, ಎಷ್ಟು ಗಾಳಿ ಬೀಸಿದರೂ ಇಟ್ಟಿಗೆಯೊಂದನ್ನು ಅಡ್ಡ ಇಡುತ್ತಿದ್ದ. ಯಾರು ಬರುತ್ತಾರೆಂದು ಇಷ್ಟು ಕಾವಲು? ಅಂಗಿಯ ಜೇಬಿನಲ್ಲಿ ಸದಾ ಸೀಮೆಸುಣ್ಣ. ಎಲ್ಲಕ್ಕಿಂತ ಹೆಚ್ಚಾಗಿ, ಅವನು ನಮ್ಮ ಬಟಾಣಿಯ ಜೊತೆ ಮಾತಾಡುತ್ತಿದ್ದ, ನಾನು ಹತ್ತಿರ ಹೋದರೆ ಇಬ್ಬರೂ ಸುಮ್ಮನಾಗುತ್ತಿದ್ದರು.

ಬಟಾಣಿ ನನ್ನ ತಂಗಿಯ ಮಗಳು. ಹುಟ್ಟಿದಾಗ ಅಷ್ಟು ಗುಂಡಗಿದ್ದಳು, ಹೆಸರು ಅಂಟಿಕೊಂಡಿತು. ತಂಗಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮಾಡುತ್ತಾಳೆ; ನಾವು ಮೂವರೂ ಒಂದೇ ಮನೆಯಲ್ಲಿ. ಹನ್ನೊಂದು ತುಂಬಿದರೂ ಆ ಹುಡುಗಿಗೆ ಎಡ ಯಾವುದು ಬಲ ಯಾವುದು ತಿಳಿಯದು. ಎರಡು ಬೀದಿ ಆಚೆ ಬಿಟ್ಟರೆ ಮನೆ ಯಾವ ದಿಕ್ಕಿಗೆ ಎಂದು ಅಳು ಬರುತ್ತದೆ. ಏಳನೇ ವಯಸ್ಸಿನಲ್ಲಿ ಒಂದು ಸಂಜೆ ಪೂರ್ತಿ ಕಳೆದುಹೋಗಿದ್ದಳು. ಅಂದಿನಿಂದ ಅವಳ ಕೈ ನನ್ನ ಕೈಯಲ್ಲೇ: ಶಾಲೆಗೆ, ಅಂಗಡಿಗೆ, ದಳಕ್ಕೆ. ಉಳಿದ ಮಕ್ಕಳು ಬಾಲ ಬಂತು ಬಾಲ ಬಂತು ಎಂದು ಹಾಸ್ಯ ಮಾಡುತ್ತಿದ್ದವು. ಬಾಲ ನಾನೋ ಅವಳೋ ಎಂದು ನಾನು ಕೇಳಲು ಹೋಗಲಿಲ್ಲ.

ನಮ್ಮ ದಳದಲ್ಲಿ ಜಾಡಿನ ಬ್ಯಾಡ್ಜ್ ಎಂದು ಒಂದಿದೆ. ಪರೀಕ್ಷಕರು ಸೀಮೆಸುಣ್ಣದಲ್ಲಿ ಬೀದಿಯುದ್ದ ಗುರುತು ಹಾಕಿರುತ್ತಾರೆ. ಬಾಣ ಎಂದರೆ ಈ ಕಡೆ, ಗುಣಿಸುವ ಗುರುತು ಎಂದರೆ ಈ ದಾರಿ ಬೇಡ, ವೃತ್ತದ ನಡುವೆ ಚುಕ್ಕೆ ಎಂದರೆ ಮನೆ ಸೇರಿದೆ. ಮಗು ಒಂಟಿಯಾಗಿ ಆ ಜಾಡು ಹಿಡಿದು ಗುರಿ ಮುಟ್ಟಬೇಕು. ನೂರು ಹೆಜ್ಜೆಯಾದರೂ ಮುಂದಿನ ಗುರುತು ಸಿಗದಿದ್ದರೆ ಹಿಂದಿನ ಗುರುತಿಗೇ ಮರಳಿ ಬಂದು ಅಲ್ಲೇ ನಿಲ್ಲಬೇಕು, ಕದಲಬಾರದು. ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನೇ. ಬಟಾಣಿಯ ಓರಗೆಯವರೆಲ್ಲ ಬ್ಯಾಡ್ಜ್ ಹಚ್ಚಿಕೊಂಡು ಎರಡು ವರ್ಷವಾಗಿತ್ತು. ಅವಳನ್ನು ನಾನು ಪರೀಕ್ಷೆಗೆ ಕೂರಿಸಿರಲಿಲ್ಲ. ಪಾಲಿಶ್‌ನವನು ಬಂದ ಮೊದಲ ತಿಂಗಳಲ್ಲೇ, ಈ ಹುಡುಗಿ ಯಾಕೆ ಮಾಡಿಲ್ಲ ಎಂದು ಕೇಳಿದ. ಅವಳ ವಿಷಯ ನನಗೆ ಬಿಡಿ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ.

ಅದಾದ ಮೇಲೆ ಬಟಾಣಿ ಬದಲಾದಳು. ದಾರಿಯಲ್ಲಿ ಗೋಡೆಗಳ ಬುಡ ನೋಡುತ್ತಾ ನಡೆಯತೊಡಗಿದಳು. ಒಂದು ದಿನ ತಿರುವಿನಲ್ಲಿ ಕೈ ಬಿಡಿಸಿಕೊಂಡು ನಾಲ್ಕು ಹೆಜ್ಜೆ ಮುಂದೆ ಹೋದಳು. ಬಟ್ಟೆ ನೆನೆಹಾಕುವಾಗ ಅವಳ ಲಂಗದ ಜೇಬಿನಲ್ಲಿ ಸೀಮೆಸುಣ್ಣದ ತುಂಡು ಸಿಕ್ಕಿತು. ಎಲ್ಲಿಂದ ಬಂತು ಎಂದರೆ ಸಿಕ್ತು ಎಂದಳು. ನನ್ನ ಕಣ್ಣು ತಪ್ಪಿಸಿ ಅವಳು ಮಾತಾಡಿದ್ದು ಅದೇ ಮೊದಲು. ತಂಗಿಗೆ ಹೇಳಿದರೆ ಅವಳು ದಿಂಬಿಗೆ ಕವರು ಹಾಕುತ್ತಾ, ನಿನಗೆ ಎಲ್ಲದರಲ್ಲೂ ಹುಳ ಕಾಣುತ್ತೆ ಅಕ್ಕ ಎಂದಳು. ತಲೆಯೊಳಗೆ ಬಿಟ್ಟ ಹುಳ ಹಾಗೆ ಹೇಳಿದರೆ ಹೋಗುತ್ತದೆಯೇ?

ಆ ಶನಿವಾರ ನನಗೆ ಅಂಚೆ ಕಚೇರಿಯಲ್ಲಿ ಸಂಜೆವರೆಗೆ ಪಾಳಿ. ದಳವನ್ನು ನರ್ಸಮ್ಮ ಇನ್ನಿಬ್ಬರು ತಾಯಂದಿರ ಜೊತೆ ನೋಡಿಕೊಳ್ಳುವುದೆಂದು ನಿಗದಿಯಾಗಿತ್ತು. ಊಟದ ಬಿಡುವಿನಲ್ಲಿ ಸಭಾಂಗಣದ ಬೀಗದ ಕೈ ಕೊಡಲು ಹೋದವಳಿಗೆ ಗೇಟಿನ ಕಂಬದ ಬುಡದಲ್ಲಿ ಬಾಣ ಕಂಡಿತು. ದಪ್ಪ, ನೇರ ಗೆರೆ; ಮರಕ್ಕೆ ಬ್ರಷ್ ಎಳೆಯುವವನ ಕೈ. ಕೆಳಗೆ ಮೂರು ಸಣ್ಣ ಬಟಾಣಿ ಕಾಳಿನ ಚಿತ್ರ ಇತ್ತು.

ಬಾಣ ಹಿಡಿದು ಹೋದೆ. ದರ್ಜಿಗಳ ಓಣಿ ದಾಟಿ ಜಾಡು ಕವಲಿಗೆ ಬಂತು. ಬಲಕ್ಕೆ ಹೋದರೆ ಅಂಚೆ ಕಚೇರಿ, ನಮ್ಮ ದಿನದ ದಾರಿ. ಬಾಣ ತೋರಿಸಿದ್ದು ಎಡಕ್ಕೆ, ಮರದ ಅಂಗಡಿಗಳ ಓಣಿಗೆ. ಇಣುಕಿ ನೋಡಿದೆ: ಮುಂದಿನ ಬಾಣ ಇದ್ದದ್ದು ಸರಿಯಾಗಿ ಅವನು ಕೆಲಸ ಮಾಡುವ ಅಂಗಡಿಯ ಬೋರ್ಡಿನ ಕೆಳಗೆ. ಅಲ್ಲಿಂದ ಮುಂದೆ ನಾನು ಹೋಗಲಿಲ್ಲ. ಇನ್ನೇನು ನೋಡುವುದು? ಬೇಲಿಯೇ ಎದ್ದು ಹೊಲ ಮೇಯುವ ಕಥೆ ಕಣ್ಣೆದುರಿಗೇ ಇತ್ತು. ನರ್ಸಮ್ಮನಿಗೆ ಹೇಳಿದರೆ ನಗುತ್ತಾರೆ. ಪೊಲೀಸರಿಗೆ ಹೇಳಿದರೆ, ಸೀಮೆಸುಣ್ಣದ ಗೆರೆಗೆ ದೂರು ಬರೆದುಕೊಳ್ಳುತ್ತಾರೆಯೇ? ಕರವಸ್ತ್ರಕ್ಕೆ ಬಾಟಲಿಯ ನೀರು ಸುರಿದು ಕವಲಿನ ಬಾಣವನ್ನು ಒರೆಸಿದೆ. ಬಟಾಣಿಯ ಜೇಬಿನಲ್ಲಿ ಸಿಕ್ಕಿದ್ದ ಸೀಮೆಸುಣ್ಣದಿಂದ ಎಡ ಓಣಿಯ ಬಾಯಲ್ಲಿ ದೊಡ್ಡದಾಗಿ ಗುಣಿಸುವ ಗುರುತು ಹಾಕಿದೆ. ಬಲಗೋಡೆಯ ಮೇಲೆ ನನ್ನದೊಂದು ಬಾಣ ಬರೆದೆ. ಮಗು ನೇರ ನನ್ನ ಕಿಟಕಿಗೇ ಬರಲಿ. ಆಮೇಲೆ ಅವನನ್ನು ನೋಡಿಕೊಳ್ಳುತ್ತೇನೆ ಎಂದುಕೊಂಡೆ. ನನ್ನ ಬಾಣದ ಬಾಲ ಸ್ವಲ್ಪ ಕೊಕ್ಕೆಯಾಗುತ್ತದೆ. ವಾಪಸ್ ಕಳಿಸುವ ಕಾಗದಗಳ ಮೇಲೆ ಇಪ್ಪತ್ತು ವರ್ಷ ಬಾಣ ಎಳೆದು ಬಂದ ಅಭ್ಯಾಸ.

ದಳ ಬಿಡುವುದು ಮೂರೂವರೆಗೆ; ಆಗಿನಿಂದ ಕಿಟಕಿಯಾಚೆಗೇ ಕಣ್ಣು. ಒಂದು ಜಿಲ್ಲೆಯ ಕಾಗದವನ್ನು ಇನ್ನೊಂದರ ಗೂಡಿಗೆ ಹಾಕಿದೆ. ಮೂರೂ ಮುಕ್ಕಾಲಾಯಿತು, ಮಗು ಬರಲಿಲ್ಲ. ಇನ್ನೈದು ನಿಮಿಷ ಕಾದೆ. ನನ್ನ ಬಾಣ ಕಾಣುವ ಮೊದಲೇ ಅವನೇ ಎದುರಿಗೆ ಬಂದು ಕರೆದುಕೊಂಡು ಹೋಗಿದ್ದಾನೆ ಎಂದು ಹೊಳೆದದ್ದೇ ತಡ, ಮೇಲಿನವರಿಗೂ ಹೇಳದೆ ಹೊರಬಿದ್ದೆ. ಕವಲಿನ ದಾರಿ ಬಿಟ್ಟು, ಹತ್ತಿರವೆಂದು ದೊಡ್ಡ ರಸ್ತೆಯ ಕಡೆಯಿಂದಲೇ ಮರದ ಓಣಿಗೆ ನುಗ್ಗಿದೆ.

ಅವನು ಅಂಗಡಿಯ ಮುಂದೆ ಬೀದಿಗಿಳಿದು, ಕೈಯನ್ನು ಹುಬ್ಬಿಗೆ ಹಿಡಿದು, ಓಣಿಯ ಆಚೆ ತುದಿ ನೋಡುತ್ತಿದ್ದ. ಅಂಗಡಿಯ ಯಜಮಾನ, ಉಜ್ಜುಕಾಗದ ಹಿಡಿದ ಇಬ್ಬರು ಕೆಲಸದವರು, ಮೇಜು ನೋಡಲು ಬಂದ ಗಂಡ ಹೆಂಡತಿ, ಎಲ್ಲರೂ ಅಲ್ಲೇ ಇದ್ದರು.

“ಮಗು ಎಲ್ಲಿ? ಒಳಗೆ ಬಚ್ಚಿಟ್ಟಿದ್ದೀಯಾ?” ಎಂದೆ. ಅದುವರೆಗೆ ಅವನ ಜೊತೆ ನಾನು ಬಹುವಚನ ಬಿಟ್ಟು ಮಾತಾಡಿದವಳಲ್ಲ. “ಮಕ್ಕಳನ್ನ ಕದ್ದು ಕರೆಸ್ಕೊಳ್ಳೋಕೇ ನೀನು ದಳಕ್ಕೆ ಸೇರಿದ್ದು.”

ಬ್ರಷ್ಷು, ಉಜ್ಜುಕಾಗದ, ಎಲ್ಲ ನಿಂತುಹೋದವು. ಆ ಹೆಂಗಸು ಗಂಡನ ತೋಳು ಹಿಡಿದುಕೊಂಡಳು. ಯಜಮಾನ ಅವನನ್ನು ಒಂದು ಸಲ ನೋಡಿದ. ಆ ಹೊತ್ತಿಗೆ ನನಗೆ ಆ ನೋಟದಿಂದ ಸಮಾಧಾನವೇ ಆಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವನು ಜೇಬಿನಿಂದ ಮಡಚಿದ ಹಾಳೆ ತೆಗೆದು ನನ್ನ ಕೈಗಿಟ್ಟು, ಫೋನಿನಲ್ಲಿ ನರ್ಸಮ್ಮನನ್ನು ಹಿಡಿದ. ಮಗು ಮೂರೂವರೆಗೇ ಹೊರಟಿತೇ ಎಂದು ಕೇಳಿದ, ಇಲ್ಲಿಗೆ ಇನ್ನೂ ಬಂದಿಲ್ಲ ಎಂದ. ಹಾಳೆ ಜಾಡಿನ ಬ್ಯಾಡ್ಜಿನ ಪರೀಕ್ಷೆಯದು. ಹೊರಡುವ ಜಾಗ ಸಭಾಂಗಣ, ಅಲ್ಲಿ ನರ್ಸಮ್ಮ. ನಡುವೆ ಅಂಗಡಿಯ ಮುಂಭಾಗ, ಅಲ್ಲಿ ಅವನು ಮತ್ತು ಯಜಮಾನ. ಗುರಿ ನಮ್ಮ ಮನೆಯ ಗೇಟು, ಅಲ್ಲಿ ತಂಗಿ. ಒಪ್ಪಿಗೆಯ ಜಾಗದಲ್ಲಿ ತಂಗಿಯ ಸಹಿ. ಜಾಡು ಅಂಗಡಿಗೆ ಮುಗಿಯುತ್ತಿರಲಿಲ್ಲ. ಅಲ್ಲಿಂದ ಇನ್ನೂ ಆರು ಬಾಣ ನಮ್ಮ ಮನೆಯವರೆಗೆ ಇದ್ದವು. ಹಾಳೆಯ ಕೊನೆಯಲ್ಲಿ ಅಚ್ಚಾಗಿತ್ತು: ‘ಪರೀಕ್ಷೆಯ ದಿನವನ್ನೂ ದಾರಿಯನ್ನೂ ದಳದ ನಾಯಕರಲ್ಲಿ ಮಗುವಿನ ಬಂಧುಗಳಾದವರಿಗೆ ತಿಳಿಸಬಾರದು.’ ಒಬ್ಬ ನಾಯಕ ತನ್ನ ಮಗನಿಗೆ ಸ್ಕೂಟರಿನ ಮೇಲಿಂದ ಸನ್ನೆ ಮಾಡಿ ದಾರಿ ತೋರಿಸಿದ್ದು ಸಿಕ್ಕಿಬಿದ್ದ ವರ್ಷ ಆ ನಿಯಮ ಬಂತು. ಬರೆದವಳು ನಾನು. ಕೆಳಗೆ ನನ್ನದೇ ಸಹಿ. ಬಟಾಣಿ ಈ ಪರೀಕ್ಷೆಗೆ ಕೂರುವ ದಿನವೊಂದು ಬಂದೀತೆಂದು ನಾನು ಎಣಿಸಿಯೇ ಇರಲಿಲ್ಲ, ಹಾಗಾಗಿ ಆ ನಿಯಮ ನನಗೂ ತಾಗುತ್ತದೆಂದು ನೆನಪಾಗಲಿಲ್ಲ.

“ಕವಲು,” ಎಂದೆ. ಅವನು ಆಗಲೇ ಓಡುತ್ತಿದ್ದ.

ಬಟಾಣಿ ಅಲ್ಲೇ ಇದ್ದಳು. ನನ್ನ ಬಾಣದ ಪಕ್ಕಕ್ಕೆ, ಗೋಡೆಗೆ ಬೆನ್ನು ಹಚ್ಚಿ, ಎರಡೂ ಕಾಲು ಜೋಡಿಸಿ ನಿಂತಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಕಣ್ಣಲ್ಲಿ ನೀರಿರಲಿಲ್ಲ, ಅದನ್ನು ನಾನು ಮೊದಲು ನೋಡಿದೆ.

“ಬಾಣ ಆದ್ಮೇಲೆ ಇನ್ನೊಂದು ಸಿಗ್ಲಿಲ್ಲ ದೊಡ್ಡಮ್ಮ. ನೂರು ಹೆಜ್ಜೆ ಎಣಿಸ್ದೆ. ವಾಪಸ್ ಬಂದು ನಿಂತೆ. ಕದಲ್ಲಿಲ್ಲ,” ಎಂದಳು. ಆಮೇಲೆ ಗೋಡೆಯ ಮೇಲಿನ ಕೊಕ್ಕೆಯನ್ನು ಬೆರಳಿನಿಂದ ಮುಟ್ಟಿ, “ಇದು ನಿನ್ನ ಬಾಣ ಅಂತ ಗೊತ್ತಾಯ್ತು. ನೀನೂ ಪರೀಕ್ಷೆಗೆ ಸೇರ್ಕೊಂಡೆ ಅಂದ್ಕೊಂಡೆ. ಅದಕ್ಕೇ ಮಾಮನ ದಾರಿ ಬಿಟ್ಟು ಈ ಕಡೆ ಬಂದೆ,” ಎಂದಳು.

ಹೌದು ಎಂದು ಹೇಳಿಬಿಡಬಹುದಿತ್ತು. ಪರೀಕ್ಷೆಯನ್ನು ಕಷ್ಟ ಮಾಡಲು ಹಾಗೆ ಹಾಕಿದೆ ಎಂದಿದ್ದರೆ ಅವಳು ನಂಬುತ್ತಿದ್ದಳು. ಪಾಲಿಶ್‌ನವನು ಮೂರು ಮಾರು ದೂರದಲ್ಲಿ ನಿಂತು ಬೇರೆಲ್ಲೋ ನೋಡುತ್ತಿದ್ದ, ಅವನೂ ಬಾಯಿಬಿಡುತ್ತಿರಲಿಲ್ಲ.

“ಸೇರ್ಕೊಂಡಿದ್ದಲ್ಲ ಮಗೂ,” ಎಂದೆ. “ನಿನ್ನನ್ನ ತಡೆಯೋಕೆ ಹಾಕಿದ್ದು. ಸುಳ್ಳು ಬಾಣ.”

ಅವಳು ಬಾಣವನ್ನೂ ನನ್ನನ್ನೂ ಎರಡೆರಡು ಸಲ ನೋಡಿದಳು. ನಾನು ಕೈ ಚಾಚಿದೆ, ಹಿಡಿಯಲಿಲ್ಲ. ಉಳಿದ ಜಾಡು ಹಾಗೇ ಇದೆಯಾ ಎಂದು ಅವನನ್ನು ಕೇಳಿದಳು. ಇದೆ ಎಂದ. ನಾನು ಕರವಸ್ತ್ರದಿಂದ ಗುಣಿಸುವ ಗುರುತನ್ನು ಉಜ್ಜುತ್ತಿರುವಾಗಲೇ ಅವಳು ಎಡ ಓಣಿಗೆ ಹೊರಟಳು, ಒಬ್ಬಳೇ. ತಿರುಗಿ ನೋಡಲಿಲ್ಲ. ಹಿಂದೆ ಹೋಗದೆ ನಿಲ್ಲುವುದು ನನಗೆ ಎಷ್ಟು ಕಷ್ಟವಾಯಿತೆಂದು ಹೇಳಲಾರೆ. ಕಾಲು ಗಂಟೆಗೆ ತಂಗಿಯ ಫೋನು ಬಂತು: ಗೇಟಿನ ಮೇಲೆ ವೃತ್ತ, ನಡುವೆ ಚುಕ್ಕೆ.

ಅಷ್ಟರಲ್ಲಿ ನಾನು ಅಂಗಡಿಗೆ ಮರಳಿದ್ದೆ. ಅಂದದ್ದು ಎಲ್ಲರ ಮುಂದೆ, ಹಾಗಾಗಿ ಕ್ಷಮೆಯೂ ಎಲ್ಲರ ಮುಂದೆಯೇ ಕೇಳಿದೆ. ಮೇಜು ನೋಡಲು ಬಂದ ದಂಪತಿ ಮಾತ್ರ ಹೋಗಿಬಿಟ್ಟಿದ್ದರು. ಅವರು ಏನು ತಿಳಿದುಕೊಂಡು ಹೋದರೋ ಅದನ್ನು ತಿದ್ದಲು ನನ್ನಲ್ಲಿ ಅವರ ವಿಳಾಸವಿರಲಿಲ್ಲ. ಬಾಗಿಲಿಗೆ ಇಟ್ಟಿಗೆ ಇಡುವುದು ಯಾಕೆ ಎಂದು ಕೊನೆಗೂ ಅವನನ್ನೇ ಕೇಳಿದೆ. ಮಕ್ಕಳ ಜೊತೆ ಇರುವ ದೊಡ್ಡವರು ಸದಾ ಬೇರೆಯವರ ಕಣ್ಣಿಗೆ ಬೀಳುವಂತಿರಬೇಕು ಎಂದು ಮೊದಲ ದಿನ ನೀವೇ ಹೇಳಿದ್ದು ಎಂದ.

ಹೊರಡುವಾಗ ಅವನು, “ಅನುಮಾನ ಪಟ್ಟಿದ್ದು ತಪ್ಪಲ್ಲ ಮೇಡಂ. ಪಡ್ಲೇಬೇಕು, ಮಕ್ಕಳ ವಿಷ್ಯ. ಬಂದು ಕೇಳ್ಬೇಕಿತ್ತು. ಬಾಣ ಅಳಿಸ್ಬಾರ್ದಿತ್ತು,” ಎಂದ.

ಮುಂದಿನ ಶನಿವಾರ ಅವನು ಬಂದ. ಬರಲಾರನೆಂದು ನಾನು ಮನಸ್ಸಿನಲ್ಲೇ ಪಣ ಕಟ್ಟಿದ್ದೆ, ಸೋತೆ. ಬಟಾಣಿಯ ತೋಳಿಗೆ ಹೊಸ ಬ್ಯಾಡ್ಜ್ ಇತ್ತು. ಅಂದು ಸಣ್ಣ ಮಕ್ಕಳಿಗೆ ಜಾಡು ಕಲಿಸುವ ಸರದಿ ನನ್ನದು. ಅಂಗಳದ ಸುತ್ತ ಹತ್ತು ಬಾಣ ಬರೆದೆ. ಕೂಗಿದ ತಕ್ಷಣ ಮಕ್ಕಳೆಲ್ಲ ಹೋ ಎಂದು ಓಡಿದವು. ಬಟಾಣಿ ಮಾತ್ರ ಮೊದಲ ಬಾಣದ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಕೊಕ್ಕೆಯನ್ನು ನೋಡಿದಳು. ಆಮೇಲೆ ಎದ್ದು, ನನ್ನನ್ನು ದಾಟಿಕೊಂಡು ಮೆಟ್ಟಿಲ ಹತ್ತಿರ ಹೋಗಿ, ಪಾಲಿಶ್ ಮಾಮನನ್ನು ಮೆಲ್ಲಗೆ ಕೇಳಿದಳು:

“ಇದು ನಿಜವಾದ ಬಾಣಾನಾ ಮಾಮ?”