ಕೈ ಬಿಟ್ಟಾಗ ಏರುವ ಕಾವು

ಅವಳು ದಿನವೂ ಬಟ್ಟೆಯ ಕಪಾಟಿನೊಳಗೆ ಕೂತು ಪಾಠ ಓದುತ್ತಾಳೆ ಎಂದರೆ ಕೇಳಿದವರು ನಗುತ್ತಿದ್ದರು. ನಕ್ಕರೆ ನಗಲಿ, ಅವಳಿಗೆ ಅದೇ ಕಚೇರಿ. ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪುಸ್ತಕಗಳನ್ನು ಓದಿ ಧ್ವನಿ ಮುದ್ರಿಸಿ ಕೊಡುವುದು ಅವಳ ಕೆಲಸ. ತೂಗುಹಾಕಿದ ಕೋಟು, ಸ್ವೆಟರುಗಳು ಬೀದಿಯ ಗದ್ದಲವನ್ನೆಲ್ಲ ನುಂಗಿಬಿಡುತ್ತಿದ್ದವು. ಮೊಣಕಾಲಿಗೆ ತಾಗುವಂತೆ ಒಂದು ಪುಟ್ಟ ಮೇಜು, ಅದರ ಮೇಲೆ ಲ್ಯಾಪ್‌ಟಾಪ್, ಬಾಯಿಗೆ ಗೇಣು ದೂರದಲ್ಲಿ ಮೈಕು.

ನುಂಗಲಾಗದ ಸದ್ದು ಒಂದೇ ಇತ್ತು, ಲ್ಯಾಪ್‌ಟಾಪಿನ ಫ್ಯಾನಿನದು. ಎರಡು ಪುಟ ಓದುವಷ್ಟರಲ್ಲಿ ಅದು ಗುಂಯ್ ಎಂದು ಶುರುವಾಗಿ, ನಾಲ್ಕನೆಯ ಪುಟಕ್ಕೆ ಊಳಿಡುತ್ತಿತ್ತು. ಕೀಲಿಗಳ ಮೇಲೆ ಬೆರಳಿಟ್ಟರೆ ಬಿಸಿ ಹೆಂಚಿನ ಮೇಲೆ ಇಟ್ಟಂತೆ. ಒಂದು ಸಲವಂತೂ ಪಾಠದ ನಡುವೆಯೇ ಪರದೆ ಕಪ್ಪಾಗಿ, ಅರ್ಧ ದಿನದ ಓದು ನೀರು ಪಾಲಾಯಿತು.

ಮೊದಲು ತಮ್ಮನನ್ನೇ ಕರೆದಳು. ಬಂಧುಬಳಗದಲ್ಲಿ ಯಾರ ಯಂತ್ರ ಕೆಟ್ಟರೂ ಅವನೇ ಬಂದು ನೋಡುತ್ತಿದ್ದುದರಿಂದ ಎಲ್ಲರೂ ಅವನನ್ನು ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಡಾಕ್ಟ್ರು ಬಂದ, ಹಿಂದಿನ ಮುಚ್ಚಳ ಬಿಚ್ಚಿದ, ಫ್ಯಾನಿನ ಧೂಳು ಊದಿದ, ಒಳಗಿನ ಚಿಪ್‌ ಮೇಲೆ ಒಣಗಿದ್ದ, ಕಾವು ಇಳಿಸುವ ಪೇಸ್ಟ್ ಕೆರೆದು ಹೊಸದು ಹಚ್ಚಿದ. ಕಾವು ತೋರಿಸುವ ಒಂದು ಪ್ರೋಗ್ರಾಮನ್ನೂ ಹಾಕಿಕೊಟ್ಟು, "ಇನ್ನು ಐಸ್ ಥರ ಇರುತ್ತೆ ಅಕ್ಕ" ಎಂದು ಹೊಟ್ಟೆ ತುಂಬ ಉಂಡು ಹೋದ. ಕೆಲವು ದಿನ ಹಾಗೇ ಇತ್ತು. ಆಮೇಲೆ ಮತ್ತೆ ಅದೇ ಊಳು.

ಈಗ ಸಂಪಾದಕಿಯ ಸಂದೇಶ ಬಂದಿತ್ತು: "ಈ ಸಲವೂ ಹಿಂದೆ ಸದ್ದಿದೆ. ನಾಳೆ ಒಳಗೆ ಸರಿಯಾಗಿ ಬರದಿದ್ದರೆ ಬೇರೆಯವರಿಗೆ ಕೊಡಬೇಕಾಗುತ್ತೆ. ತಪ್ಪು ತಿಳೀಬೇಡಿ."

ಗಂಡ ಕೆಲಸಕ್ಕೆ ಹೋಗಿದ್ದ. ಅವಳು ಕಪಾಟಿನ ಬಾಗಿಲು ತೆರೆದಿಟ್ಟು, ಯಂತ್ರದ ಅಡಿಗೆ ಎರಡು ಕಟ್ಟಿಗೆ ತುಂಡು ಇಟ್ಟು ಗಾಳಿ ಆಡುವಂತೆ ಮಾಡಿ, ಓದಲು ಕೂತಳು. ಎರಡನೇ ಪುಟ. ಗುಂಯ್. ಅವಳು ಸಿಟ್ಟಿನಿಂದ ಮೌಸ್ ಹಿಡಿದು ಕಾವಿನ ಪ್ರೋಗ್ರಾಮ್ ತೆರೆದಳು. ಎಂಬತ್ತು. ನೋಡುತ್ತಿದ್ದಂತೆಯೇ ಎಪ್ಪತ್ತು, ಅರವತ್ತು, ಐವತ್ತು. ಫ್ಯಾನು ತೆಪ್ಪಗಾಯಿತು. ಯಾವ ಪ್ರೋಗ್ರಾಮು ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಪಟ್ಟಿಯಲ್ಲೂ ಏನೂ ಇಲ್ಲ.

ಮೌಸ್ ಬಿಟ್ಟಳು. ಮತ್ತೆ ಓದಿದಳು. ಮತ್ತೆ ಗುಂಯ್. ಮುಟ್ಟಿದಳು. ಮೌನ.

ಅವಳು ಪುಸ್ತಕದತ್ತ ನೋಡಿದಳು. ಓದುವಾಗ ಅವಳ ಕೈ ಪುಸ್ತಕದ ಮೇಲಿರುತ್ತದೆ, ಕೀಲಿಗಳ ಮೇಲಲ್ಲ. ಅಂದರೆ ಯಂತ್ರದ ಮಟ್ಟಿಗೆ ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಇಲ್ಲ. ಯಾರೂ ಇಲ್ಲದಾಗ ಎದ್ದು, ಬೆರಳು ತಾಗಿದೊಡನೆ ಅಡಗಿಕೊಳ್ಳುವಂಥದ್ದು ಏನೋ ಒಳಗಿದೆ.

ಅವಳು ಫೋನನ್ನು ಪುಸ್ತಕಕ್ಕೆ ಆನಿಸಿ, ಅದರ ಕ್ಯಾಮೆರಾ ಪರದೆಯನ್ನು ನೋಡುವಂತೆ ಇಟ್ಟು, ಕಾವಿನ ಅಂಕಿಯನ್ನೂ ಪಟ್ಟಿಯನ್ನೂ ತೆರೆದು, ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತಳು. ವಾಪಸು ಬಂದು ನೋಡಿದಾಗ ವಿಡಿಯೊ ಎಲ್ಲವನ್ನೂ ಹಿಡಿದಿತ್ತು. ಸ್ವಲ್ಪ ಹೊತ್ತು ನಲವತ್ತೈದು. ಆಮೇಲೆ ಪಟ್ಟಿಯ ತುದಿಗೆ ಪ್ರಿಂಟರಿನ ಹೆಸರು ಹೊತ್ತ ಒಂದು ಪ್ರೋಗ್ರಾಮು ಎದ್ದು ಬಂತು. ಅಂಕಿ ದಾಪುಗಾಲು ಹಾಕಿತು: ಎಪ್ಪತ್ತು, ಎಂಬತ್ತೆಂಟು, ತೊಂಬತ್ತಾರು.

ಅವಳ ಮನೆಯಲ್ಲಿ ಪ್ರಿಂಟರೇ ಇರಲಿಲ್ಲ.

ಆ ಪ್ರೋಗ್ರಾಮು ಯಂತ್ರದೊಳಗೆ ಬಂದ ದಿನ ಯಾವುದೆಂದು ಹುಡುಕಿದಳು. ಕಳೆದ ವರ್ಷ ಅವಳ ಹುಟ್ಟಿದ ದಿನ. ತಮ್ಮ ಬಂದು, "ಉಡುಗೊರೆ ತರೋಕಾಗ್ಲಿಲ್ಲ, ಅದಕ್ಕೆ ಸರ್ವಿಸ್ ಮಾಡಿ ಕೊಡ್ತೀನಿ" ಎಂದು ಇಡೀ ಮಧ್ಯಾಹ್ನ ಇದರ ಮುಂದೆ ಕೂತಿದ್ದ ದಿನ.

ಫೋನಿನಲ್ಲಿ ಅವಳು ಹೆಚ್ಚು ಹೇಳಲಿಲ್ಲ. "ಮತ್ತೆ ಬಿಸಿಯಾಗ್ತಿದೆ ಕಣೋ, ಈಗಲೇ ಬಾ" ಎಂದಳು, ಅಷ್ಟೇ.

ಅವನು ಬಂದವನೇ ಮೌಸ್ ಆಡಿಸಿ ನಕ್ಕ. "ನಲವತ್ತೇಳು. ಮಗು ಥರ ಮಲಗಿದೆಯಲ್ಲೇ. ಈ ಕಪಾಟು ಇದೆಯಲ್ಲ, ಇಲ್ಲಿ ನೀನೂ ಬಿಸಿಯಾಗ್ತೀಯ."

"ಕೈ ತೆಗಿ."

"ಆಂ?"

"ಕೈ ತೆಗೆದು ಮಡಿಲಲ್ಲಿಟ್ಕೋ. ನಾನೂ ಇಟ್ಕೋತೀನಿ. ಸುಮ್ನೆ ನೋಡೋಣ."

"ಇದೇನು ಸ್ಕೂಲಾ, ಕೈ ಕಟ್ಕೊಂಡು ಕೂರೋಕೆ?" ಎಂದ. ಆದರೆ ಅವಳ ಮುಖ ನೋಡಿ ಕೈ ಕಟ್ಟಿದ.

ಅಕ್ಕತಮ್ಮ ಇಬ್ಬರೂ ಕೋಟುಗಳ ನಡುವೆ ಭುಜಕ್ಕೆ ಭುಜ ತಾಗಿಸಿ ಕೂತರು. ಬೀದಿಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಸರಿಯುವ ಕೀಂ ಕೀಂ ಕೇಳಿಸಿತು. ನಲವತ್ತಾರು. ಅವನ ಬಲಗೈ ಎರಡು ಸಲ ಮೌಸಿನತ್ತ ಜರುಗಿತು. ಎರಡು ಸಲವೂ ಅವಳು ಕಣ್ಣಲ್ಲೇ ತಡೆದಳು. ಅವನ ಕಿವಿಯ ಹಿಂದೆ ಬೆವರು ಮೂಡಿತು. ಆಗ ಫ್ಯಾನು ಗುಂಯ್ ಎಂದಿತು. ಐವತ್ತೊಂಬತ್ತು. ಎಪ್ಪತ್ತನಾಲ್ಕು. ಎಂಬತ್ತೈದು.

"ಸಾಕು ಅಕ್ಕ, ಮುಟ್ಟು ಅದನ್ನ," ಎಂದ ತಲೆ ತಗ್ಗಿಸಿ.

"ನೀನೇ ಮುಟ್ಟು. ನೀನೇ ಇಟ್ಟಿದ್ದಲ್ವಾ?"

ಬಾಯಿ ಬಿಟ್ಟ. ಇಂಟರ್ನೆಟ್ಟಿನಲ್ಲಿ ಚಲಾವಣೆಯಾಗುವ ನಾಣ್ಯವಿದೆಯಂತೆ, ಯಂತ್ರಗಳು ಬಿಡದೆ ಲೆಕ್ಕ ಮಾಡುತ್ತಿದ್ದರೆ ಅದು ಹುಟ್ಟುತ್ತದಂತೆ. ಅವಳ ಯಂತ್ರ ಮಾಡಿದ ಲೆಕ್ಕದ ಫಲ ಅವನ ಖಾತೆಗೆ. "ಸುಮ್ನೆ ಬಿದ್ದಿರೋ ಹೊತ್ತಲ್ಲಿ ತಾನೇ, ಯಾರಿಗೇನು ನಷ್ಟ ಅಂದ್ಕೊಂಡೆ. ನೀನು ಬಿಸಿ ಬಿಸಿ ಅಂದಾಗ ಕಡಿಮೆನೂ ಮಾಡಿದ್ದೆ. ಆಮೇಲೆ… ಮತ್ತೆ ಏರಿಸಿದೆ."

"ನನ್ನ ಮುಂದೆ ಕೂತು ಧೂಳು ಊದಿದೆಯಲ್ಲೋ! ನನ್ನ ಕೈಯಿಂದ ಬಡಿಸಿಕೊಂಡು ಉಂಡೆಯಲ್ಲೋ!" ಅವಳೇ ಎತ್ತಿ ಆಡಿಸಿ ಬೆಳೆಸಿದ ಹುಡುಗ. "ಇನ್ನು ಯಾರ್ಯಾರ ಮನೇಲಿ ಹಾಕಿದ್ದೀಯ?"

"ಭಾವನ ಹಳೇದರಲ್ಲಿ. ದೊಡ್ಡಪ್ಪನ ಮನೇಲಿ. ಇಬ್ಬರು ಮಾವಂದಿರು. ಚಿಕ್ಕಮ್ಮನ ಅಂಗಡೀಲಿ."

ಚಿಕ್ಕಮ್ಮನದು ಪರದೆ, ದಿಂಬಿನ ಹೊದಿಕೆ ಹೊಲಿಯುವ ಅಂಗಡಿ. ಗಿರಾಕಿಗಳಿಗೆ ಮಾದರಿ ತೋರಿಸಲು ಒಂದು ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು. ಅವನು ಹೆಸರು ಹೇಳಿದವನು ಅಲ್ಲಿಗೇ ನಿಂತ. ಮುಖದ ಬಣ್ಣ ಇಳಿಯಿತು.

"ಏನೋ?"

"ಮೊನ್ನೆ ಫೋನ್ ಮಾಡಿದ್ಳು. ಲ್ಯಾಪ್‌ಟಾಪ್ ಹೊಟ್ಟೆ ಉಬ್ಬಿದೆ, ಮೇಜಿನ ಮೇಲೆ ಸಮ ಕೂರ್ತಿಲ್ಲ, ಮೇಲೆ ಭಾರ ಹೇರಿದ್ದೀನಿ ಅಂದ್ಳು. ನಾನು ನಕ್ಕು, ಭಾನುವಾರ ಬರ್ತೀನಿ ಅಂದೆ." ಅವನ ದನಿ ಇಳಿಯಿತು. "ಬ್ಯಾಟರಿ ಅಕ್ಕ. ಕಾವಿಗೆ ಬ್ಯಾಟರಿ ಊದಿಕೊಂಡಿದೆ. ಅದರ ಮೇಲೆ ಒತ್ತಬಾರದು."

"ಭಾರ ಅಂದ್ರೆ?"

"ಬಟ್ಟೆ."

ಅವನು ಚಿಕ್ಕಮ್ಮನಿಗೆ ಮಾಡಿದ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮಧ್ಯಾಹ್ನ ಊಟವಾದ ಮೇಲೆ ಚಿಕ್ಕಮ್ಮ ಷಟರ್ ಎಳೆದುಕೊಂಡು, ಅಂಗಡಿಯ ಹಿಂದಿನ ಭಾಗದಲ್ಲಿ ಒಂದು ನಿದ್ದೆ ತೆಗೆಯುತ್ತಾಳೆ. ಕೈ ಬಿಟ್ಟ ಯಂತ್ರ ಮುಂದುಗಡೆ ದುಡಿಯುತ್ತಿರುತ್ತದೆ.

ಸ್ಕೂಟರನ್ನು ಅವಳೇ ಓಡಿಸಿದಳು. ಹಿಂದೆ ಕೂತವನು ಮತ್ತೆ ಮತ್ತೆ ಫೋನು ಮಾಡುತ್ತಲೇ ಇದ್ದ. ಕೆಂಪು ದೀಪದಲ್ಲಿ ನಿಂತಾಗ ಅವಳು ಸೆಕೆಂಡು ಎಣಿಸಿದಳು. ಅಂಗಡಿ ಸಾಲು ಬಂದಾಗ ಅವನು ಗಾಡಿ ನಿಲ್ಲುವ ಮೊದಲೇ ಹಾರಿ ಷಟರಿಗೆ ಎರಡೂ ಅಂಗೈಯಿಂದ ಬಡಿದ. "ಚಿಕ್ಕಮ್ಮಾ! ಚಿಕ್ಕಮ್ಮಾ!"

ಒಳಗಿಂದ ಸದ್ದಿಲ್ಲ. ಷಟರಿನ ಸಂದಿಯಿಂದ ಒಂದು ಥರದ ಸಿಹಿ ವಾಸನೆ ಬರುತ್ತಿತ್ತು, ಉಗುರುಬಣ್ಣ ತೆಗೆಯುವ ದ್ರವದ ಹಾಗೆ. ಅವಳು ಗೋಡೆ ಸುತ್ತಿ ಹಿಂಬಾಗಿಲಿಗೆ ಓಡಿ ಗುದ್ದಿದಳು. ಕೊನೆಗೆ ಅಗುಳಿ ಸರಿಯಿತು.

"ಊರಿಗೆ ಬೆಂಕಿ ಬಿದ್ದಿದೆಯಾ, ಹಿಂಗೆ ಬಾಗಿಲು ಮುರೀತೀಯ?" ಎಂದಳು ಚಿಕ್ಕಮ್ಮ, ಕೆದರಿದ ಕೂದಲಲ್ಲಿ.

ಹಿಂದಿನಿಂದ ಓಡಿ ಬಂದ ತಮ್ಮ ಇಬ್ಬರನ್ನೂ ಸರಿಸಿ ಒಳಗೆ ನುಗ್ಗಿದ. ಅಂಗಡಿಯ ಮೂಲೆಯಲ್ಲಿ ಮಡಿಸಿಟ್ಟ ಪರದೆಗಳ ಗುಡ್ಡೆ. ಅದರ ಅಡಿಯಿಂದ ಚಾರ್ಜರಿನ ತಂತಿ ಹೊರಬಂದಿತ್ತು. ಮೊದಲು ತಂತಿ ಕಿತ್ತ. ಪರದೆಗಳನ್ನು ಒಂದೊಂದಾಗಿ, ಮಲಗಿದ ಮಗುವಿನ ಮೇಲಿನ ಹೊದಿಕೆ ತೆಗೆದಷ್ಟು ಹಗುರವಾಗಿ ಎತ್ತಿದ. ಕೊನೆಯ ಪರದೆ ಕಂದಾಗಿತ್ತು. ಯಂತ್ರದ ತಳ ಬಾಯಿಬಿಟ್ಟು, ಒಳಗಿನ ಬೆಳ್ಳಿಬಣ್ಣದ ಚೀಲ ಉಬ್ಬಿ ಇಣುಕುತ್ತಿತ್ತು.

"ಬಾಗಿಲು ಬಿಡಿ!" ಎಂದು ಕೂಗಿ, ಅದನ್ನು ಅಂಗೈಗಳ ಮೇಲೆ ಹೊತ್ತು ಹೊರಟ. ಅದು ಸುಯ್ಯೆಂದಿತು. ಹಿತ್ತಲಿನ ಸಿಮೆಂಟು ನೆಲಕ್ಕೆ ಇಟ್ಟು ಹಿಂದೆ ಸರಿಯುವಷ್ಟರಲ್ಲಿ ಬಿಳಿ ಹೊಗೆ ಭುಸ್ಸೆಂದು ಎದ್ದು, ಅದರೊಳಗಿಂದ ಬೆಂಕಿಯ ನಾಲಗೆ ಮೊಣಕಾಲೆತ್ತರ ಚಿಮ್ಮಿತು.

ಮೂವರೂ ಗೋಡೆಗೆ ಒತ್ತಿ ನಿಂತು ನೋಡಿದರು. ಉರಿದು ಉರಿದು ಅದು ಕರಿ ಹಪ್ಪಳವಾಯಿತು. ಚಿಕ್ಕಮ್ಮ ಒಮ್ಮೆ ಅದನ್ನೂ, ಒಮ್ಮೆ ಒಳಗಿನ ಬಟ್ಟೆಯ ರಾಶಿಯನ್ನೂ, ಆಮೇಲೆ ತಾನು ಮಲಗಿದ್ದ ಚಾಪೆಯನ್ನೂ ನೋಡಿದಳು. ತಮ್ಮನ ಎಡ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅಕ್ಕ ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು.

"ಹಳೇ ಮಿಷಿನ್ನು, ಅಲ್ವೇನೋ?" ಎಂದಳು ಚಿಕ್ಕಮ್ಮ. "ಹೋಗಲಿ ಬಿಡು. ನೀನು ಬರದೇ ಇದ್ದಿದ್ರೆ ನನ್ನ ಗತಿ!"

ತಮ್ಮ ಅಕ್ಕನ ಕಡೆ ನೋಡಿದ. ಹೌದು ಎಂದುಬಿಟ್ಟಿದ್ದರೆ ಅವನು ಜೀವ ಉಳಿಸಿದ ಡಾಕ್ಟ್ರಾಗಿಯೇ ಉಳಿಯುತ್ತಿದ್ದ. ಅವಳ ನಾಲಗೆಯ ತುದಿಗೆ ಮಾತು ಬಂದಿತ್ತು. ನುಂಗಿಕೊಂಡಳು. ನಲ್ಲಿಯ ನೀರು ಸುರಿಯುತ್ತಲೇ ಇತ್ತು.

"ಹಳೇದಾಗಿದ್ದಕ್ಕಲ್ಲ ಚಿಕ್ಕಮ್ಮ," ಎಂದ ಕೊನೆಗೆ. "ನಾನು ಮಾಡಿದ್ದು."

ಅವನು ಎಲ್ಲವನ್ನೂ ಹೇಳಿ ಮುಗಿಸಿದ. ಚಿಕ್ಕಮ್ಮ ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ಅಕ್ಕ ಕಾದಿದ್ದಳು. ಚಿಕ್ಕಮ್ಮ ಮೆತ್ತನೆಯ ಬಟ್ಟೆ ತಂದು ಅವನ ಕೈಗೆ ಸಡಿಲವಾಗಿ ಸುತ್ತಿ, ಒಂದು ಸ್ಟೂಲು ಎಳೆದು ಕೂರಿಸಿ, ತನ್ನ ಫೋನನ್ನು ಅವನ ಬಲಗೈಗೆ ಇಟ್ಟಳು.

"ಇನ್ನೊಬ್ಬರ ಮನೆ ಉರಿಯೋ ಮುಂಚೆ ಒಬ್ಬೊಬ್ಬರಿಗೂ ಹೇಳು. ಇಲ್ಲೇ, ನನ್ನ ಮುಂದೇನೆ. ದೊಡ್ಡಪ್ಪನಿಂದ ಶುರು ಮಾಡು."

ದೊಡ್ಡಪ್ಪನ ಬೈಗುಳ ಫೋನಿನಿಂದಾಚೆಗೂ ಕೇಳಿಸಿತು. ಮಾವಂದಿರಲ್ಲಿ ಒಬ್ಬರಿಗೆ ವಿಷಯವೇ ಅರ್ಥವಾಗದೆ, "ಥ್ಯಾಂಕ್ಸ್ ಕಣಪ್ಪಾ" ಎಂದರು; ಅದಕ್ಕೆ ಅವನಿಗೆ ಅಳು ಬಂತು. ಕೊನೆಗೆ ಉಳಿದವನು ಅವಳ ಗಂಡ.

"ಭಾವನಿಗೆ ನೀನೇ ಹೇಳಕ್ಕ," ಎಂದ.

"ಇಲ್ಲ. ಅವರಿಗೂ ನೀನೇ ಹೇಳು."

ಹೇಳಿದ.

ಅವಳು ಮನೆಗೆ ಮರಳಿ, ಇಂಟರ್ನೆಟ್ ತಂತಿ ಕಿತ್ತು, ಆ ಪ್ರೋಗ್ರಾಮನ್ನು ಬೇರುಸಹಿತ ಅಳಿಸಿ, ಪಾಠ ಓದಲು ಕೂತಳು. ಯಂತ್ರ ಉಸಿರೆತ್ತಲಿಲ್ಲ. ಅವಳ ದನಿಯೇ ನಡುಗಿ ಮೊದಲ ಪುಟವನ್ನು ಮತ್ತೆ ಮತ್ತೆ ಓದಬೇಕಾಯಿತು. ಮರುದಿನ ಸಂಪಾದಕಿ ಆ ಓದನ್ನು ಒಪ್ಪಿಕೊಂಡಳು.

ದೊಡ್ಡಪ್ಪ ಅವನನ್ನು ಆಮೇಲೆ ಹೊಸ್ತಿಲು ದಾಟಲು ಬಿಡಲಿಲ್ಲ. ಅವಳೂ ಬಹಳ ಕಾಲ ಮಾತು ಬಿಟ್ಟಿದ್ದಳು. ಬಂದರೆ ಬಡಿಸುತ್ತಿದ್ದಳು, ಅಷ್ಟೇ. ಚಿಕ್ಕಮ್ಮ ಮಾತ್ರ ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ಅವನನ್ನೇ ಅಂಗಡಿಗೆ ಕರೆದೊಯ್ದಳು. ಅವನು ಆರಿಸಿದ್ದನ್ನೇ ಕೊಂಡಳು. ಪಾಸ್‌ವರ್ಡ್ ಒತ್ತುವ ಹೊತ್ತು ಬಂದಾಗ, "ಆ ಕಡೆ ತಿರುಗು" ಎಂದಳು. ಅವನು ಮರುಮಾತಿಲ್ಲದೆ ತಿರುಗಿ ನಿಂತ.